ಊರಾಗ ಮಳಿನೇ ಇಲ್ಲ, ಹೊಳಿ ಹ್ಯಾಂಗ ಬಂತ್ರೀ? ಪಟ್ಟದಕಲ್ಲಿನಲ್ಲಿ ಎದುರಾದ ಏಳು ಹವಾಮಾನ ಪ್ರಶ್ನೆಗಳು

“ನೀವು ಎಂಜಿನಿಯರಿಂಗ್ ಓದೀರಂತಲ್ಲ, ಹಂಗಾರ ಹೇಳ್ರಿ ನೋಡೋಣ.”

ಪಟ್ಟದಕಲ್ಲಿನ ಗುಡಿಗಳಿಂದ ನಾಲ್ಕು ಹೆಜ್ಜೆ ದೂರದ ಚಹಾದಂಗಡಿಯಲ್ಲಿ ಮಾತು ಶುರುವಾಗಿದ್ದು ಹೀಗೆ. ಕೂತಿದ್ದವರು ಐದಾರು ಹುಡುಗರು. ಒಬ್ಬ ಡಿಗ್ರಿ ಮುಗಿಸಿ ಕೆಪಿಎಸ್‌ಸಿಗೆ ಓದ್ತಿದ್ದಾನೆ, ಒಬ್ಬ ಹೊಲ ನೋಡಿಕೊಳ್ತಾನೆ, ಇನ್ನೊಬ್ಬ ಬಾದಾಮಿಗೆ ಆಟೊ ಓಡಿಸ್ತಾನೆ. ಎಲ್ಲರ ಕೈಯಲ್ಲೂ ಮೊಬೈಲ್, ಎಲ್ಲರ ಮೊಬೈಲ್‌ನಲ್ಲೂ ಹವಾಮಾನದ ಒಂದು ಆ್ಯಪ್. ಆದರೆ ಯಾರಿಗೂ ಅದರ ಮೇಲೆ ನಂಬಿಕೆ ಇಲ್ಲ. ಒಂದೂವರೆ ಗಂಟೆ ಅವರು ಕೇಳಿದರು, ನಾನು ಗೊತ್ತಿದ್ದಷ್ಟು ಹೇಳಿದೆ. ಬಾಕಿ ಉಳಿದದ್ದನ್ನು ಆಮೇಲೆ ಓದಿಕೊಂಡು ಇಲ್ಲಿ ಬರೆದಿದ್ದೇನೆ.

ನಾನು ಮೆಕ್ಯಾನಿಕಲ್ ಓದಿದವನು. ಆದರೆ ಹವಾಮಾನದ ಮೊದಲ ಪಾಠ ಕಲಿತದ್ದು ಕಾಲೇಜಿನಲ್ಲಲ್ಲ. 2009ರ ಅಕ್ಟೋಬರ್ ಮೊದಲ ವಾರ, ನಾನಾಗ ಎರಡನೇ ವರ್ಷದ ವಿದ್ಯಾರ್ಥಿ. ಮಲಪ್ರಭೆಯ ದಂಡೆಯ ಅಜ್ಜಿಯ ಊರಿಗೆ ಬಸ್ಸಿಲ್ಲದೆ ಕೊನೆಯ ಕೆಲವು ಕಿಲೋಮೀಟರ್ ನಡೆದು ಹೋಗಿದ್ದೆ. ಮಣ್ಣಿನ ಮನೆ, ಮೂರು ದಿನ ಬಿಡದೆ ಸುರಿದ ಮಳೆಗೆ ಹಿತ್ತಲ ಗೋಡೆ ಕುಸಿದು ಕೂತಿತ್ತು. ಪರಿಹಾರದ ಪಟ್ಟಿ ಬರೆಯೋಕೆ ಬಂದವರು ಕೇಳಿದ್ದು ಒಂದೇ ಪ್ರಶ್ನೆ: “ಮನಿಗೆ ಹೊಳಿ ನೀರು ಹೊಕ್ಕಿತ್ತೇನು ಆಯಿ?” ಅಜ್ಜಿ ಇದ್ದದ್ದು ಇದ್ದಂಗೆ ಹೇಳಿದಳು: “ಇಲ್ಲಪಾ, ನೀರು ಓಣಿ ತನಕ ಬಂದಿತ್ತು. ಗ್ವಾಡಿ ಬಿದ್ದಿದ್ದು ಮಳಿಗೆ.” ಮೊದಲ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ.

ಮಳೆ, ಹೊಳೆ, ಪ್ರವಾಹ, ಬರ, ವಾಡಿಕೆ. ಇವು ನಮಗೆ ದಿನದ ಮಾತು. ಸರ್ಕಾರಕ್ಕೆ ಇವು ವ್ಯಾಖ್ಯಾನಗಳು. ದುಡ್ಡು ಯಾರಿಗೆ ಹೋಗುತ್ತೆ ಅನ್ನೋದನ್ನು ತೀರ್ಮಾನಿಸೋದು ಆ ವ್ಯಾಖ್ಯಾನಗಳೇ. ಹಾಗಾಗಿ ಈ ಪ್ರಶ್ನೆಗಳು ಬರೀ ವಿಜ್ಞಾನದ ಪ್ರಶ್ನೆಗಳಲ್ಲ.

1. “ಊರಾಗ ಹನಿ ಮಳಿ ಇಲ್ಲ. ಹೊಳಿ ಹ್ಯಾಂಗ ಬರ್ತೈತ್ರಿ?”

ಪಟ್ಟದಕಲ್ಲಿನ ಆಕಾಶ ಬೇರೆ, ಪಟ್ಟದಕಲ್ಲಿನ ಹೊಳೆ ಬೇರೆ. ಇದು ಅರ್ಥವಾದರೆ ಅರ್ಧ ಉತ್ತರ ಸಿಕ್ಕ ಹಾಗೆ.

ಮಲಪ್ರಭೆ ಹುಟ್ಟೋದು ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಪಶ್ಚಿಮ ಘಟ್ಟದ ನೆತ್ತಿಯ ಮೇಲೆ. ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಘಟ್ಟಕ್ಕೆ ಗುದ್ದಿ ಮೇಲೇರುತ್ತೆ, ತಣ್ಣಗಾಗುತ್ತೆ, ನೀರಿನ ಹೆಚ್ಚು ಪಾಲನ್ನು ಅಲ್ಲೇ ಸುರಿಸುತ್ತೆ. ಅಲ್ಲಿ ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವ ಗಾಳಿ ಬಿಸಿಯಾಗಿ ಒಣಗುತ್ತೆ. ಹಾಗಾಗಿ ಬಾಗಲಕೋಟೆ ಜಿಲ್ಲೆಗೆ ಸಿಗೋದು ವರ್ಷಕ್ಕೆ 550ರಿಂದ 600 ಮಿಲಿಮೀಟರ್ ಅಷ್ಟೇ. ಇದನ್ನೇ ಮಳೆ ನೆರಳಿನ ಪ್ರದೇಶ ಅನ್ನೋದು. ಆಕಾಶ ಬಯಲುಸೀಮೆಯದು, ಹೊಳೆ ಮಲೆನಾಡಿನದು.

ನಡುವೆ ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟು ಇದೆ. ಸಾಮರ್ಥ್ಯ ಹೆಚ್ಚುಕಡಿಮೆ 37 ಟಿಎಂಸಿ. ಟಿವಿಯಲ್ಲಿ ‘ಇಷ್ಟು ಸಾವಿರ ಕ್ಯೂಸೆಕ್’ ಅಂತ ಬರುತ್ತಲ್ಲ, ಅದನ್ನು ಟಿಎಂಸಿಗೆ ತಿರುಗಿಸೋದು ಸುಲಭ. 11,574 ಕ್ಯೂಸೆಕ್ ನೀರು ಒಂದು ದಿನ ಹರಿದರೆ ಒಂದು ಟಿಎಂಸಿ. ಅಣೆಕಟ್ಟಿನಲ್ಲಿ 5 ಟಿಎಂಸಿ ಜಾಗ ಖಾಲಿ ಇದೆ, ಘಟ್ಟದಿಂದ 60,000 ಕ್ಯೂಸೆಕ್ ಬರ್ತಾ ಇದೆ ಅಂದುಕೊಳ್ಳಿ. ಆ ಜಾಗ ಒಂದು ದಿನದೊಳಗೆ ತುಂಬುತ್ತೆ. ಆಮೇಲೆ ಒಳಗೆ ಬಂದಷ್ಟನ್ನೂ ಹೊರಗೆ ಬಿಡದೆ ಬೇರೆ ದಾರಿ ಇಲ್ಲ. 2019ರ ಆಗಸ್ಟ್‌ನಲ್ಲಿ ಆಗಿದ್ದು ಈ ಬಗೆಯದು. ಘಟ್ಟದಲ್ಲಿ ಮಳೆ ಹುಚ್ಚೆದ್ದು ಸುರಿಯಿತು, ಅಣೆಕಟ್ಟು ತುಂಬಿತು, ಬಿಟ್ಟ ನೀರು ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಊರಿಗೂ ನುಗ್ಗಿತು. 1987ರಿಂದ ವಿಶ್ವ ಪಾರಂಪರಿಕ ತಾಣವಾಗಿರುವ ಆ ಗುಡಿಗಳ ಫೋಟೊ ದೇಶವೆಲ್ಲ ನೋಡಿತು. ಗುಡಿಯ ಹಿಂದಿನ ಮನೆಗಳ ಫೋಟೊ ಅಷ್ಟಾಗಿ ಯಾರೂ ನೋಡಲಿಲ್ಲ.

2009ರದ್ದು ಇನ್ನೊಂದು ಬಗೆ. ಸೆಪ್ಟೆಂಬರ್ ಕೊನೆಯಲ್ಲಿ ವಾಯುಭಾರ ಕುಸಿತದಿಂದ ಮಳೆ ಬಿದ್ದಿದ್ದೇ ನಮ್ಮ ತಲೆಯ ಮೇಲೆ, ಉತ್ತರ ಒಳನಾಡಿನ ಬಯಲಿನಲ್ಲಿ. ಮೂರನೆಯ ಬಗೆಯೂ ಇದೆ: ಹುಬ್ಬಳ್ಳಿ ಕಡೆಯಿಂದ ಬರುವ ಬೆಣ್ಣೆಹಳ್ಳ. ಅದು ಮಲಪ್ರಭೆಗೆ ಸೇರೋದು ಅಣೆಕಟ್ಟಿನ ಕೆಳಗೆ. ಅದನ್ನು ತಡೆಯೋಕೆ ನವಿಲುತೀರ್ಥದ ಗೇಟುಗಳಿಗೆ ಆಗಲ್ಲ.

ಮೂರು ಪ್ರವಾಹಕ್ಕೂ ಮುನ್ಸೂಚನೆ ಬೇರೆ ಬೇರೆ. ಮೊದಲನೆಯದಕ್ಕೆ ಖಾನಾಪುರದ ಮಳೆ ಮತ್ತು ಅಣೆಕಟ್ಟಿನ ಮಟ್ಟ ನೋಡಬೇಕು, ಎರಡನೆಯದಕ್ಕೆ ನಮ್ಮ ಜಿಲ್ಲೆಯ ಮಳೆ ಎಚ್ಚರಿಕೆ, ಮೂರನೆಯದಕ್ಕೆ ಧಾರವಾಡ, ಗದಗ ಕಡೆಯ ಮಳೆ. ‘ಬಾಗಲಕೋಟೆಗೆ ಇವತ್ತು ಯಾವ ಅಲರ್ಟೂ ಇಲ್ಲ’ ಅಂತ ನಿಶ್ಚಿಂತೆಯಿಂದ ಮಲಗೋ ಹಾಗಿಲ್ಲ ಅನ್ನೋದು ಇದಕ್ಕೇ.

“ಹಂಗಾರ ಮೊದಲೇ ಸ್ವಲ್ಪ ಸ್ವಲ್ಪ ನೀರು ಬಿಡಬೇಕಲ್ಲ?” ಅಂತ ಆಟೊ ಹುಡುಗ ಕೇಳಿದ. ಬಿಡಬೇಕು. ಆದರೆ ನವಿಲುತೀರ್ಥ ಎಲ್ಲ ವರ್ಷವೂ ತುಂಬಲ್ಲ. ಬಿಟ್ಟ ಮೇಲೆ ಮಳೆ ಕೈಕೊಟ್ಟರೆ ಕಾಲುವೆಗೂ ಕುಡಿಯೋಕೂ ನೀರಿಲ್ಲ. ಹಿಡಿದಿಟ್ಟುಕೊಂಡು ಮಳೆ ಹೆಚ್ಚಾದರೆ ಕೆಳಗಿನ ಊರು ಮುಳುಗುತ್ತೆ. ಒಳ್ಳೆಯ ಮುನ್ಸೂಚನೆ ಇದ್ದಷ್ಟೂ ಈ ಇಕ್ಕಟ್ಟು ಸಡಿಲವಾಗುತ್ತೆ. ಮುನ್ಸೂಚನೆ ಇದ್ದೂ ಕಾಯ್ದು ಕೂತರೆ ಅದು ಪ್ರಕೃತಿ ವಿಕೋಪ ಅಲ್ಲ, ಆಡಳಿತದ ತೀರ್ಮಾನ.

2. “ಮೊಬೈಲ್‌ನ್ಯಾಗ 40 ಪರ್ಸೆಂಟ್ ಮಳಿ ಅಂತಿತ್ತು. ಬರಲೇ ಇಲ್ಲ. ಸುಳ್ಳಲ್ಲೇನು?”

ಶೇ. 40 ಅಂದರೆ ನಲವತ್ತು ಭಾಗ ಮಳೆ ಬರುತ್ತೆ ಅಂತಲ್ಲ. ದಿನದ ಶೇ. 40 ಹೊತ್ತು ಮಳೆ ಅಂತಲೂ ಅಲ್ಲ. ಇಂಥದೇ ಹವೆ ಇರುವ ಹತ್ತು ದಿನ ತಗೊಂಡರೆ ಅದರಲ್ಲಿ ನಾಲ್ಕು ದಿನ ಮಳೆಯಾಗುತ್ತೆ, ಆರು ದಿನ ಆಗಲ್ಲ ಅಂತ. ಮಳೆ ಬರದ ಒಂದು ದಿನ ಹಿಡಿದು ಅದು ಸುಳ್ಳು ಅನ್ನೋಕೆ ಬರಲ್ಲ. ಅಂಥ ಇಪ್ಪತ್ತು ದಿನ ಬರೆದಿಟ್ಟು ಎಣಿಸಿದಾಗ ಎಂಟರ ಆಸುಪಾಸು ಬರದೆ ಹದಿನಾರೋ ಎರಡೋ ಬಂದರೆ, ಆಗ ಆ ಆ್ಯಪ್ ಮೇಲೆ ಅನುಮಾನಪಡಿ.

ಇನ್ನೊಂದು ಸಂಗತಿ, ಜಾಗದ್ದು. ಕಂಪ್ಯೂಟರ್ ಮಾದರಿ ಭೂಮಿಯನ್ನು ಚೌಕ ಚೌಕವಾಗಿ ಕತ್ತರಿಸಿ ಲೆಕ್ಕ ಹಾಕುತ್ತೆ. ಭಾರತದ ಹವಾಮಾನ ಇಲಾಖೆಯ ಮುಖ್ಯ ಮಾದರಿಯಲ್ಲಿ ಆ ಚೌಕ ಬಹಳ ಕಾಲ 12 ಕಿ.ಮೀ. ಇತ್ತು. 2025ರ ಮೇನಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲಿ 6 ಕಿ.ಮೀ. ಆದರೆ ನಮ್ಮ ಮೇ ತಿಂಗಳ ಗುಡುಗು ಮಳೆಯ ಮೋಡ ಎಷ್ಟೋ ಸಲ ಅದಕ್ಕಿಂತ ಸಣ್ಣದು. ಎತ್ತಿನ ಒಂದು ಕೋಡು ತೋಯ್ತು, ಇನ್ನೊಂದು ತೋಯಲಿಲ್ಲ ಅಂತ ಹಿರಿಯರು ಹೇಳೋದು ಇಂಥ ಮಳೆಯನ್ನೇ. ಪಟ್ಟದಕಲ್ಲಿಗೂ ಐಹೊಳೆಗೂ ನಡುವೆ ಇಂಥ ಎರಡು ಮೂರು ಚೌಕ ಅಷ್ಟೇ.

ಇನ್ನು ರೇಡಿಯೊ, ಟಿವಿಯ ಭಾಷೆ. ‘ಉತ್ತರ ಒಳನಾಡಿನ ಒಂದೆರಡು ಕಡೆ ಮಳೆ’ ಅಂದರೆ, ಆ ವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚಲ್ಲ ಅಂತ ಅರ್ಥ. ಉತ್ತರ ಒಳನಾಡು ಅಂದರೆ ಬೀದರ್‌ನಿಂದ ಬೆಳಗಾವಿ ತನಕ. ಅಷ್ಟು ದೊಡ್ಡ ಸೀಮೆಯಲ್ಲಿ ನಿಮ್ಮ ಹೊಲ ಆ ಕಾಲು ಭಾಗದಲ್ಲಿ ಇರಬಹುದು, ಇಲ್ಲದಿರಬಹುದು. ‘ಭಾರಿ ಮಳೆ’ ಅನ್ನೋದಕ್ಕೂ ಅಳತೆ ಇದೆ: 24 ಗಂಟೆಯಲ್ಲಿ 64.5 ಮಿ.ಮೀ. ದಾಟಬೇಕು. 115.6 ದಾಟಿದರೆ ಅತಿ ಭಾರಿ. 204.4 ಮೀರಿದರೆ ಅದಕ್ಕೂ ಮೇಲಿನ ದರ್ಜೆ. ಬಣ್ಣಗಳೂ ಅಷ್ಟೇ. ಯೆಲ್ಲೋ ಅಂದರೆ ಕಣ್ಣಿಟ್ಟಿರಿ, ಆರೆಂಜ್ ಅಂದರೆ ತಯಾರಾಗಿ, ರೆಡ್ ಅಂದರೆ ಈಗಲೇ ಏನಾದರೂ ಮಾಡಿ.

ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಮೇಲೆ ಒಂದು ಲೀಟರ್ ನೀರು. ಒಂದು ಎಕರೆಗೆ 50 ಮಿ.ಮೀ. ಬಿದ್ದರೆ ಎರಡು ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರ್ ನಲವತ್ತು! ಇದನ್ನು ಹೇಳಿದಾಗ ಹೊಲದ ಹುಡುಗ ಸುಮ್ಮನೆ ನಕ್ಕ. ಹಿಂದಿನ ಬೇಸಿಗೆಯಲ್ಲಿ ಅವನು ಟ್ಯಾಂಕರ್‌ಗೆ ದುಡ್ಡು ಕೊಟ್ಟಿದ್ದ.

3. “ಮಿರಗದ ಮಳಿ ಯಾಕ ಹಿಂದಿನಂಗ ಬರವಲ್ದು?”

ಈ ಪ್ರಶ್ನೆಯನ್ನು ಮೂಢನಂಬಿಕೆ ಅಂತ ತಳ್ಳಿಹಾಕೋ ದುಡುಕು ನಮ್ಮಂಥ ಓದಿದವರಿಗೆ ಜಾಸ್ತಿ. ನಾನೂ ಒಂದು ಕಾಲಕ್ಕೆ ಹಾಗೆ ಮಾಡಿದ್ದೆ.

ಮಳೆ ನಕ್ಷತ್ರ ಅಂದರೆ ಸೂರ್ಯ ಆಕಾಶದಲ್ಲಿ ಯಾವ ನಕ್ಷತ್ರದ ಭಾಗದಲ್ಲಿದ್ದಾನೆ ಅನ್ನೋ ಲೆಕ್ಕ. 27 ನಕ್ಷತ್ರ, 365 ದಿನ, ಒಂದಕ್ಕೆ ಹದಿಮೂರೂವರೆ ದಿನ. ಕ್ಯಾಲೆಂಡರ್ ಮನೆಗೆ ಬಾರದ ಕಾಲದಲ್ಲಿ ರೈತರಿಗೆ ಇದೇ ಕ್ಯಾಲೆಂಡರ್. ‘ಮಿರಗಕ್ಕೆ ಬಿತ್ತು’ ಅನ್ನೋದು ನಾಳೆಯ ಮುನ್ಸೂಚನೆ ಅಲ್ಲ. ತಲೆಮಾರುಗಳ ಸರಾಸರಿ. ಇವತ್ತಿನ ಮಾತಲ್ಲಿ ಹೇಳಬೇಕಂದ್ರೆ ಅದು ಹವೆ ಅಲ್ಲ, ಹವಾಗುಣ.

ಆದರೆ ಈ ಲೆಕ್ಕದಲ್ಲಿ ಒಂದು ನಿಧಾನದ ಜಾರುವಿಕೆ ಇದೆ. ಭೂಮಿಯ ಅಕ್ಷ ಬುಗುರಿಯ ಹಾಗೆ ವಾಲುತ್ತಾ ತಿರುಗುತ್ತೆ. ಅದರಿಂದ ನಕ್ಷತ್ರದ ವರ್ಷ ಋತುವಿನ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. 71 ವರ್ಷಕ್ಕೆ ಒಂದು ದಿನದ ವ್ಯತ್ಯಾಸ ಬೀಳುತ್ತೆ. ಮಕರ ಸಂಕ್ರಾಂತಿ ಜನವರಿ 14ಕ್ಕೆ ಬಂದರೂ ಸೂರ್ಯ ಉತ್ತರಕ್ಕೆ ತಿರುಗೋದು ಡಿಸೆಂಬರ್ 21–22ಕ್ಕೇ ಅನ್ನೋದು ಇದೇ ಕಾರಣಕ್ಕೆ.

ಚಾಲುಕ್ಯರ ರಾಣಿ ಲೋಕಮಹಾದೇವಿ ವಿರೂಪಾಕ್ಷ ಗುಡಿ ಕಟ್ಟಿಸಿದ್ದು ಕ್ರಿ.ಶ. 740ರ ಆಸುಪಾಸು. ಆಗಿನಿಂದ ಈಗಿನವರೆಗೆ ಜಾರುವಿಕೆ ಸುಮಾರು 18 ದಿನ. ಈಗ ಮಿರಗ ಹಿಡಿಯೋದು ಜೂನ್ 7–8ಕ್ಕೆ. ಅದೇ ಲೆಕ್ಕವನ್ನು ಹಿಂದಕ್ಕೆ ಓಡಿಸಿದರೆ ಆ ಗುಡಿಯ ಕಲ್ಲು ಕೆತ್ತುವಾಗ ಮಿರಗ ಇವತ್ತಿನ ಮೇ 20–21ರ ಹೊತ್ತಿಗೆ ಬರ್ತಿತ್ತು. ಮುಂಗಾರು ನೋಡೋದು ಸೂರ್ಯನ ಋತುವನ್ನು, ನಕ್ಷತ್ರವನ್ನಲ್ಲ. ಹಾಗಾಗಿ ನಕ್ಷತ್ರಕ್ಕೂ ಮಳೆಗೂ ಇರೋ ನಂಟು ಶತಮಾನಗಳಲ್ಲಿ ತಾನೇ ಸಡಿಲವಾಗುತ್ತೆ.

ಹಂಗಂತ ನಿಮ್ಮ ಅಪ್ಪನ ಕಾಲಕ್ಕೂ ನಿಮ್ಮ ಕಾಲಕ್ಕೂ ಮಳೆ ಬದಲಾಗಿದ್ದರೆ ಅದಕ್ಕೆ ಈ ಜಾರುವಿಕೆ ಕಾರಣ ಅಲ್ಲ. ಮೂವತ್ತು ವರ್ಷದಲ್ಲಿ ಅದು ಅರ್ಧ ದಿನವೂ ಆಗಲ್ಲ. ಆ ಬದಲಾವಣೆಗೆ ಕಾರಣ ಬೇರೆ ಕಡೆ ಹುಡುಕಬೇಕು. ಆರನೇ ಪ್ರಶ್ನೆಗೆ ಕಾಯಿರಿ.

4. “ವಾಡಿಕೆ ಮಳಿ ಆಗೈತಿ ಅಂತಾರ. ಮತ್ತ ನಮ್ಮ ಹೆಸರು ಯಾಕ ಒಣಗಿತು?”

ಯಾಕಂದ್ರೆ ಬೆಳೆ ಸರಾಸರಿ ಕುಡಿಯಲ್ಲ. ವಾರ ವಾರ ಕುಡಿಯುತ್ತೆ.

ದೇಶಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದೀರ್ಘಾವಧಿ ಸರಾಸರಿ 87 ಸೆಂ.ಮೀ. ಇದು 1971ರಿಂದ 2020ರವರೆಗಿನ ಐವತ್ತು ವರ್ಷದ ಲೆಕ್ಕ. ಅದರ ಶೇ. 96ರಿಂದ 104ರೊಳಗೆ ಬಂದರೆ ‘ವಾಡಿಕೆ’. ಈಗ ಎರಡು ಊರು ತಗೊಳ್ಳಿ. ಎರಡಕ್ಕೂ ತಿಂಗಳಲ್ಲಿ 100 ಮಿ.ಮೀ. ಮಳೆ. ಒಂದು ಊರಿಗೆ ಹತ್ತು ಸಲ ಹತ್ತು ಹತ್ತು. ಇನ್ನೊಂದಕ್ಕೆ ಒಂದೇ ರಾತ್ರಿ 90, ಮತ್ತೆ ಮೂರು ವಾರ ಬಿಸಿಲು, ಕೊನೆಗೆ 10. ಕಾಗದದ ಮೇಲೆ ಎರಡೂ ವಾಡಿಕೆ. ಹೊಲದಲ್ಲಿ ಒಂದು ಬೆಳೆ, ಒಂದು ಬರ. ಎರಡನೇ ಊರಲ್ಲಿ ನೀರಷ್ಟೇ ಅಲ್ಲ, ಮೇಲ್ಮಣ್ಣೂ ಹಳ್ಳ ಸೇರಿರುತ್ತೆ.

2019ನ್ನೇ ನೋಡಿ. ಜೂನ್‌ನಲ್ಲಿ ದೇಶದ ಮಳೆ ಶೇ. 33 ಕೊರತೆ. ವರ್ಷ ಮುಗಿದಾಗ ಸರಾಸರಿಗಿಂತ ಶೇ. 10 ಹೆಚ್ಚು. 2009 ಇನ್ನೂ ವಿಚಿತ್ರ. ಆ ವರ್ಷ ದೇಶಕ್ಕೆ ಮುಂಗಾರು ಶೇ. 22 ಕಡಿಮೆಯಾಗಿ ಬರಗಾಲ. ಅದೇ ಮುಂಗಾರಿನ ಕೊನೆಯ ದಿನಗಳಲ್ಲಿ ನಮ್ಮಲ್ಲಿ ಮನೆ ಕೊಚ್ಚಿಹೋಗುವ ಪ್ರವಾಹ. 2023ರಲ್ಲಿ, ಎಲ್ ನಿನೊ ವರ್ಷದಲ್ಲಿ, ದೇಶದ ಮಳೆ ಶೇ. 94. ಕೇಳೋಕೆ ಅಂಥ ಕೊರತೆ ಅನಿಸಲ್ಲ. ಆದರೆ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು.

ಇಲ್ಲೇ ರಾಜಕೀಯ ಶುರು. ಬರ ಘೋಷಿಸೋಕೆ ಕೇಂದ್ರದ 2016ರ ಕೈಪಿಡಿ ಇದೆ: ಮಳೆ ಕೊರತೆ, ಸತತ ಒಣ ವಾರಗಳು, ಮಣ್ಣಿನ ತೇವ, ಉಪಗ್ರಹದಿಂದ ಕಾಣುವ ಹಸಿರು, ಬಿತ್ತನೆ, ಅಂತರ್ಜಲ, ಕೊನೆಗೆ ಹೊಲಕ್ಕೆ ಹೋಗಿ ಪರಿಶೀಲನೆ. 2023ರ ಬರಕ್ಕೆ ರಾಜ್ಯ ಕೇಂದ್ರದಿಂದ ಕೇಳಿದ್ದು ₹18,171 ಕೋಟಿ. ದುಡ್ಡು ಬಾರದೆ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಏಪ್ರಿಲ್ ಕೊನೆಗೆ ಬಿಡುಗಡೆಯಾಗಿದ್ದು ಸುಮಾರು ₹3,454 ಕೋಟಿ. ಅಷ್ಟೊತ್ತಿಗೆ ಮುಂದಿನ ಬಿತ್ತನೆಗೆ ಹೊಲ ಹರಗುವ ಕಾಲ. ಮಳೆಯಾಶ್ರಿತ ಬೆಳೆಗೆ ಆಗ ವಿಪತ್ತು ನಿಧಿಯ ದರ ಹೆಕ್ಟೇರಿಗೆ ₹8,500 ಇತ್ತು, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು ₹3,400. ಬೀಜ, ಗೊಬ್ಬರ, ಆಳಿನ ಖರ್ಚಿಗೆ ಇದು ಎಷ್ಟು ಸಾಲುತ್ತೆ ಅನ್ನೋದನ್ನು ನಿಮ್ಮ ಮನೆಯಲ್ಲೇ ಕೇಳಿ.

5. “ನಾಡಿದ್ದಿನ ಮಳಿ ಹೇಳಾಕ ಆಗವಲ್ದು, 2050ರದ್ದು ಹ್ಯಾಂಗ ಹೇಳ್ತಾರ?”

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ನಿಮ್ಮ ಗೆಳೆಯ ಹೋಗಿದ್ದಾನೆ. ಸಂಜೆ ಏಳಕ್ಕೆ ಅವನು ಯಾವ ನಾಟಕ ಕಂಪನಿಯ ಟೆಂಟಿನ ಮುಂದೆ ನಿಂತಿರ್ತಾನೆ, ಹೇಳಿ ನೋಡೋಣ? ಆಗಲ್ಲ. ಆದರೆ ಮುಂದಿನ ವರ್ಷವೂ ಆ ದಿನಗಳಲ್ಲಿ ಬಾದಾಮಿ ರಸ್ತೆ ತುಂಬಿರುತ್ತೆ, ಬಸ್ಸಲ್ಲಿ ಕಾಲಿಡೋಕೆ ಜಾಗ ಇರಲ್ಲ ಅಂತ ಈಗಲೇ ಬರೆದುಕೊಡಬಹುದು. ಒಬ್ಬನ ನಡೆ ಹವೆ, ಜಾತ್ರೆಯ ಸ್ವಭಾವ ಹವಾಗುಣ.

ಇದಕ್ಕೆ ಗಣಿತದ ಕಾರಣ ಇದೆ. ಇವತ್ತಿನ ಗಾಳಿ, ತೇವ, ಉಷ್ಣತೆಯ ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಅದು ದಿನದಿಂದ ದಿನಕ್ಕೆ ದೊಡ್ಡದಾಗುತ್ತೆ. 1960ರ ದಶಕದಲ್ಲಿ ಎಡ್ವರ್ಡ್ ಲೊರೆನ್ಜ್ ತೋರಿಸಿದ್ದು ಇದನ್ನೇ. ಎರಡು ವಾರದಾಚೆಗಿನ ನಿರ್ದಿಷ್ಟ ದಿನದ ಮಳೆ ಹೇಳೋದು ಹೆಚ್ಚುಕಡಿಮೆ ಅಸಾಧ್ಯ. ಯಾರಾದರೂ ವಾಟ್ಸ್‌ಆ್ಯಪ್‌ನಲ್ಲಿ ‘ಸೆಪ್ಟೆಂಬರ್ 18ಕ್ಕೆ ನಿಮ್ಮೂರಲ್ಲಿ ಮಹಾಮಳೆ’ ಅಂತ ಜೂನ್‌ನಲ್ಲೇ ಕಳಿಸಿದರೆ ಮುಂದೆ ಕಳಿಸಬೇಡಿ.

ಹವಾಗುಣದ ಲೆಕ್ಕ ದಿನ ಕೇಳಲ್ಲ. ಭೂಮಿಗೆ ಎಷ್ಟು ಶಾಖ ಬರುತ್ತೆ, ಎಷ್ಟು ವಾಪಸ್ ಹೋಗುತ್ತೆ ಅಂತ ಕೇಳುತ್ತೆ. ಬರೋದು ಹೆಚ್ಚು, ಹೋಗೋದು ಕಡಿಮೆ ಆದರೆ ಬಿಸಿ ಏರಲೇಬೇಕು. ಜಮಾ–ಖರ್ಚಿನ ಲೆಕ್ಕ ಅದು.

6. “ಹಂಗಾರ ಪ್ರತಿ ಪ್ರವಾಹಕ್ಕೂ ಕ್ಲೈಮೇಟ್ ಚೇಂಜ್ ಕಾರಣ ಅನ್ನಬಹುದಾ?”

ಅನ್ನಬಾರದು. ಹಂಗಂತ ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತಲೂ ಅಲ್ಲ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ತೇವ ಸುಮಾರು ಶೇ. 7 ಹೆಚ್ಚುತ್ತೆ. ಹಾಗಾಗಿ ಮಳೆ ಸುರಿಯುವಾಗ ಜೋರಾಗಿ ಸುರಿಯೋಕೆ ಬೇಕಾದ ಸರಕು ಮೋಡದಲ್ಲಿ ಇರುತ್ತೆ. ಅದೇ ಬಿಸಿ, ಮಳೆ ಇಲ್ಲದ ದಿನಗಳಲ್ಲಿ ಮಣ್ಣಿನ ತೇವವನ್ನು ಬೇಗ ಹೀರುತ್ತೆ. ಒಂದೇ ಕಾರಣ, ಪ್ರವಾಹವೂ ಬರವೂ ಎರಡೂ ಬಿಗಡಾಯಿಸುತ್ತವೆ. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಪ್ರಕಾರ 1901ರಿಂದ 2018ರೊಳಗೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರೊಳಗೆ ಮುಂಗಾರಿನ ಒಟ್ಟು ಮಳೆ ಸುಮಾರು ಶೇ. 6 ಇಳಿದಿದೆ. ಆದರೆ ಮಧ್ಯ ಭಾರತದ ಪಟ್ಟಿಯಲ್ಲಿ 1950ರಿಂದ 2015ರೊಳಗೆ ದೊಡ್ಡ ಪ್ರದೇಶವನ್ನು ಒಮ್ಮೆಲೇ ಆವರಿಸುವ ವಿಪರೀತ ಮಳೆಯ ಘಟನೆಗಳು ಮೂರು ಪಟ್ಟಾಗಿವೆ. ಒಟ್ಟು ಕಡಿಮೆ, ಹೊಡೆತ ಜಾಸ್ತಿ. ನಾಲ್ಕನೇ ಪ್ರಶ್ನೆಯ ಎರಡನೇ ಊರು ನೆನಪಾಯ್ತಾ?

ಚೌಕಾಬಾರ ಆಡಿದವರಿಗೆ ಇದು ಬೇಗ ತಿಳಿಯುತ್ತೆ. ಕವಡೆಯ ಒಂದು ಬದಿಯನ್ನು ಯಾರೋ ಸ್ವಲ್ಪ ತೇದಿದ್ದಾರೆ ಅಂದುಕೊಳ್ಳಿ. ಆಗ ಭಾರ ಮತ್ತೆ ಮತ್ತೆ ಬೀಳುತ್ತೆ. ಮೊದಲೂ ಬೀಳ್ತಿತ್ತು, ಹಾಗಾಗಿ ಈ ಒಂದು ಭಾರ ತೇದಿದ್ದಕ್ಕೇ ಬಿತ್ತು ಅಂತ ಹೇಳೋಕಾಗಲ್ಲ. ಆದರೆ ಆಟ ಬದಲಾಗಿದೆ ಅನ್ನೋದು ನಿಜ. ಈಗ ಒಂದೊಂದು ಘಟನೆಗೂ ಈ ಲೆಕ್ಕ ಹಾಕುವ ವಿಧಾನ ಇದೆ. 2024ರ ಜುಲೈ 30ರ ವಯನಾಡ್ ಭೂಕುಸಿತಕ್ಕೆ ಕಾರಣವಾದ ಮಳೆಯನ್ನು ಹವಾಗುಣ ಬದಲಾವಣೆ ಸುಮಾರು ಶೇ. 10 ಹೆಚ್ಚು ಜೋರಾಗಿಸಿತ್ತು ಅಂತ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ತಂಡ ಲೆಕ್ಕ ಹಾಕಿ ಹೇಳಿತು.

ಆದರೆ ಒಂದು ಎಚ್ಚರಿಕೆ. ಮಲಪ್ರಭೆಯ ಪಾತ್ರದಲ್ಲಿ ಹೂಳು ತುಂಬಿದೆ, ಜಾಲಿ ಬೆಳೆದಿದೆ, ದಂಡೆ ಒತ್ತುವರಿಯಾಗಿದೆ. ಹೊಳೆಯ ಅಗಲ ಕಡಿಮೆಯಾದರೆ ಅಷ್ಟೇ ನೀರಿಗೆ ಮಟ್ಟ ಹೆಚ್ಚು ಏರುತ್ತೆ. ಪೈಪಿನ ಬಾಯಿಗೆ ಬೆರಳಿಟ್ಟವರಿಗೆಲ್ಲ ಇದು ಗೊತ್ತು. 2009ರ ನಂತರ ‘ಆಸರೆ’ ಯೋಜನೆಯಲ್ಲಿ ಮನೆ ಕಟ್ಟಿದರು. ಎಷ್ಟೋ ಕಡೆ ಜನ ಹಳೆ ಊರಿಗೇ ವಾಪಸ್ಸಾದರು. ಹೊಲ ಹಳೆ ಊರಿನ ಹತ್ತಿರ, ಹೊಸ ಮನೆಯಲ್ಲಿ ದನ ಕಟ್ಟೋಕೆ ಜಾಗ ಇಲ್ಲ. ಇವು ಯಾವುದೂ ಇಂಗಾಲದ ಹೊಗೆಯಿಂದ ಆದದ್ದಲ್ಲ. ‘ಎಲ್ಲಾ ಕ್ಲೈಮೇಟ್ ಚೇಂಜು, ನಮ್ಮ ಕೈಯಲ್ಲೇನಿದೆ’ ಅಂತ ಅಧಿಕಾರದಲ್ಲಿರುವವರು ಹೇಳಿದರೆ ಅದು ವಿಜ್ಞಾನ ಅಲ್ಲ, ಜಾರಿಕೊಳ್ಳೋ ದಾರಿ.

7. “ಹವಾಗುಣ ಮೊದಲಿಂದಲೂ ಬದಲಾಗ್ಯದಲ್ಲ, ಈಗೇನ ಹೊಸಾದು?”

ಇದನ್ನು ಕೇಳಿದ್ದು ಕೆಪಿಎಸ್‌ಸಿ ಹುಡುಗ. ಒಳ್ಳೆಯ ಪ್ರಶ್ನೆ, ಮತ್ತು ಸಾಕ್ಷಿ ಅವನ ಬೆನ್ನ ಹಿಂದೆಯೇ ಇತ್ತು. ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಯನ್ನು ಹತ್ತಿರದಿಂದ ನೋಡಿ, ಓರೆ ಓರೆಯಾದ ಪದರಗಳು ಕಾಣುತ್ತವೆ. ಡೈನೋಸಾರ್‌ಗಳಿಗಿಂತ ಎಷ್ಟೋ ಹಿಂದೆ ಹರಿಯುವ ನೀರು ಇಲ್ಲಿ ಮರಳು ತಂದು ಹಾಸಿದ ಗುರುತು ಅದು. ಈ ನೆಲ ಹಲವು ಹವಾಗುಣ ಕಂಡಿದೆ.

ಹೊಸದು ಎರಡು. ಒಂದು, ವೇಗ. ಕಳೆದ ಹಿಮಯುಗ ಮುಗಿಯುವಾಗ ಭೂಮಿ ಐದಾರು ಡಿಗ್ರಿ ಬಿಸಿಯಾಗೋಕೆ ಸುಮಾರು ಹತ್ತು ಸಾವಿರ ವರ್ಷ ಬೇಕಾಯಿತು. ಈಗ ನೂರೈವತ್ತು ವರ್ಷದಲ್ಲೇ ಒಂದು ಡಿಗ್ರಿ ದಾಟಿದ್ದೇವೆ. 2024 ಕೈಗಾರಿಕೆಗಳಿಗಿಂತ ಮುಂಚಿನ ಕಾಲಕ್ಕೆ ಹೋಲಿಸಿದರೆ ಸುಮಾರು 1.55 ಡಿಗ್ರಿ ಹೆಚ್ಚು ಬಿಸಿಯಿದ್ದ ವರ್ಷ ಅಂತ ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. ಎರಡು, ಕಾರಣ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ 280 ಭಾಗ ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಅದು ಕಲ್ಲಿದ್ದಲು, ತೈಲದಿಂದ ಬಂದದ್ದು ಅಂತ ಇಂಗಾಲದ ಬಗೆಗಳನ್ನು ಅಳೆದು ಹೇಳಬಹುದು. ಸೂರ್ಯನೇ ಹೆಚ್ಚು ಉರಿದಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಆದರೆ ಕೆಳಗೆ ಬಿಸಿಯಾಗ್ತಾ ಇದೆ, ಮೇಲೆ ತಣ್ಣಗಾಗ್ತಾ ಇದೆ. ಕಂಬಳಿ ದಪ್ಪವಾದಾಗ ಆಗೋದು ಹೀಗೆ.

ಆ ಕಂಬಳಿಯನ್ನು ದಪ್ಪ ಮಾಡಿದ್ದರಲ್ಲಿ ಮಲಪ್ರಭೆ ದಂಡೆಯ ಒಣಬೇಸಾಯದ ಕುಟುಂಬದ ಪಾಲು ತೀರಾ ಸಣ್ಣದು. ಹೊಡೆತದ ಪಾಲು ಮಾತ್ರ ದೊಡ್ಡದು.

ಹಂಗಾರ ನಾವೇನ ಮಾಡೂಣು?

ಕತ್ತಲಾಗ್ತಾ ಇತ್ತು. ಕೊನೆಯ ಪ್ರಶ್ನೆ ಇದೇ ಆಗಿತ್ತು. ಗಿಡ ನೆಡಿ, ಬಲ್ಬ್ ಆರಿಸಿ ಅಂತ ನಾನು ಹೇಳಲಿಲ್ಲ. ಅವು ಕೆಟ್ಟವಲ್ಲ, ಆದರೆ ಅವರ ಪ್ರಶ್ನೆಗೆ ಉತ್ತರ ಅಲ್ಲ. ಮುಂದಿನ ಗ್ರಾಮಸಭೆಯಲ್ಲಿ ಮೂರು ವಿಷಯ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ ಅಂದೆ.

ಒಂದು, ನಮ್ಮ ಪಂಚಾಯಿತಿಯ ಮಳೆಮಾಪಕ ಎಲ್ಲಿದೆ? ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಾಪಕಗಳನ್ನು ಕೂರಿಸಿದೆ. ಅದು ಕೆಲಸ ಮಾಡ್ತಿದೆಯಾ, ಗಿಡದ ಕೆಳಗೋ ಗೋಡೆಯ ಮರೆಗೋ ಇದೆಯಾ, ದಿನದ ಲೆಕ್ಕ ಪಂಚಾಯಿತಿಯ ಬೋರ್ಡಿನ ಮೇಲೆ ಯಾಕಿಲ್ಲ? ಬರದ ತೀರ್ಮಾನಕ್ಕೆ ಮಳೆಯ ಲೆಕ್ಕ ಬೇಕೇ ಬೇಕು. ಆ ಲೆಕ್ಕ ಹುಟ್ಟೋದು ಇಂಥ ಡಬ್ಬಿಯಲ್ಲೇ.

ಎರಡು, ಅಣೆಕಟ್ಟಿನಿಂದ ನೀರು ಬಿಟ್ಟರೆ ನಮಗೆ ಎಷ್ಟು ಗಂಟೆ ಮುಂಚೆ, ಯಾರು, ಯಾವ ಭಾಷೆಯಲ್ಲಿ ಹೇಳ್ತಾರೆ? ಕ್ಯೂಸೆಕ್ ಲೆಕ್ಕ ಬೇಡ. ಇಷ್ಟು ಬಿಟ್ಟರೆ ಯಾವ ಓಣಿ ತನಕ ನೀರು ಬರುತ್ತೆ ಅಂತ ಹೇಳಿ. 2009ರ ಮತ್ತು 2019ರ ನೀರಿನ ಮಟ್ಟ ಊರಿನ ಹಿರಿಯರಿಗೆ ಗೊತ್ತು. ಗೋಡೆಗಳ ಮೇಲೆ ಬಣ್ಣದಲ್ಲಿ ಗೆರೆ ಎಳೆಸಿ.

ಮೂರು, ಮಳೆಗೆ ಬಿದ್ದ ಮನೆ ಪಟ್ಟಿಯಲ್ಲಿ ಬರುತ್ತಾ, ಇಲ್ಲಾ ಹೊಳೆ ನೀರು ಹೊಕ್ಕ ಮನೆ ಮಾತ್ರನಾ? ಇದನ್ನು ಮಳೆಗಾಲಕ್ಕೆ ಮೊದಲೇ ಕೇಳಿ. ಗೋಡೆ ಬಿದ್ದ ಮೇಲೆ ಕೇಳಿದರೆ ಪಟ್ಟಿ ಮುಗಿದಿರುತ್ತೆ.

ಅಜ್ಜಿಯ ಹೆಸರು ಎರಡನೇ ಪಟ್ಟಿಯಲ್ಲಿ ಬಂತು, ಮಾವ ನಾಲ್ಕು ಸಲ ಕಚೇರಿಗೆ ಅಲೆದ ಮೇಲೆ. ಅವಳು ಸುಳ್ಳು ಹೇಳಿದ್ದರೆ ಮೊದಲ ಪಟ್ಟಿಯಲ್ಲೇ ಬರ್ತಿತ್ತು. ಅವಳು ಹೇಳಿದ್ದು ಸರಿಯಾದ ಹವಾಮಾನ ವರದಿ. ಕೇಳಿದ ಪ್ರಶ್ನೆ ತಪ್ಪಾಗಿತ್ತು.